ಹೊಟ್ಟೆಯ ಶಿಲೀಂಧ್ರಗಳ ಸಮತೋಲನ ತಪ್ಪಿದರೆ ಕಾಯಿಲೆ ಬರುವುದು ನಿಜವೇ? ಅತ್ತಿಗೆಯ ಚಿಕಿತ್ಸೆಯ ಬಗ್ಗೆ ಸಲಹೆ ಬೇಕು

ಬೆಟ್ಟದಹೂ, ಮಡಿಕೇರಿ

ಎಲ್ಲರಿಗೂ ನಮಸ್ಕಾರ. ನನ್ನ ಅತ್ತಿಗೆಗೆ ಬಹಳ ದಿನಗಳಿಂದ ಸುಸ್ತು, ಹೊಟ್ಟೆ ಉಬ್ಬರ, ಆಗಾಗ ತಲೆನೋವು. ಮೊಬೈಲ್‌ನಲ್ಲಿ ಕಂಡ ಜಾಹೀರಾತು ನಂಬಿ ಒಂದು ಆನ್‌ಲೈನ್ ಆರೋಗ್ಯ ಸಲಹಾ ಸಂಸ್ಥೆಗೆ ಹಣ ಕಟ್ಟಿದರು. ಅವರು ಮಲ ಪರೀಕ್ಷೆ ಮಾಡಿಸಿ, ‘ಕ್ಯಾಂಡಿಡಾ ಎಂಬ ಶಿಲೀಂಧ್ರ ಸಿಕ್ಕಿದೆ, ಹೊಟ್ಟೆಯ ಶಿಲೀಂಧ್ರಗಳ ಸಮತೋಲನ ತಪ್ಪಿದೆ’ ಎಂದು ವರದಿ ಕಳುಹಿಸಿದ್ದಾರೆ. ಈಗ ಮೂರು ತಿಂಗಳ ಪಥ್ಯ. ಸಕ್ಕರೆ, ಹಣ್ಣು, ಅಕ್ಕಿ, ಮೊಸರು, ಹುಳಿ ಬಂದದ್ದು ಯಾವುದೂ ಕೂಡದು. ಜೊತೆಗೆ ವಾರಕ್ಕೊಂದು ಫ್ಲುಕೊನಝೋಲ್ ಎಂಬ ಶಿಲೀಂಧ್ರನಾಶಕ ಮಾತ್ರೆ. ಅಕ್ಕಿ ಬೇಡವೆಂದರೆ ನಮ್ಮ ಮನೆಯಲ್ಲಿ ಅಕ್ಕಿರೊಟ್ಟಿಯೂ ಇಲ್ಲ, ಕಡಂಬುಟ್ಟೂ ಇಲ್ಲ, ನೂಪುಟ್ಟೂ ಇಲ್ಲ. ಆಕೆ ಕಣ್ಣಿಗೆ ಕಾಣುವಷ್ಟು ಸೊರಗಿದ್ದಾರೆ.

ಅದೇ ಸಂಸ್ಥೆಯವರು ಕಳುಹಿಸಿದ ಲೇಖನದಲ್ಲಿ ಕ್ಯಾನ್ಸರ್‌ನಿಂದ ಹಿಡಿದು ಅಸ್ತಮಾದವರೆಗೆ ಎಲ್ಲಕ್ಕೂ ಶಿಲೀಂಧ್ರವೇ ಮೂಲ ಎಂದು ಬರೆದಿದೆ. ನನ್ನ ಮಗನಿಗೂ ಜೂನ್ ಬಂತೆಂದರೆ ಎದೆಯಲ್ಲಿ ಗೊರಗೊರ ಶುರು. ಮನೆಯ ಉತ್ತರದ ಗೋಡೆ ಪೂರ್ತಿ ಬೂಷ್ಟು. ಅತ್ತಿಗೆಯ ಹೊಟ್ಟೆಯಲ್ಲಿರುವುದೂ ಗೋಡೆಯ ಮೇಲಿರುವುದೂ ಒಂದೆಯೇ? ತಿಳಿದವರು ದಯವಿಟ್ಟು ಹೇಳಿ.

ಗಾಜಿನಪಟ್ಟಿ, ವಿರಾಜಪೇಟೆ

ನಾನು ಸೂಕ್ಷ್ಮಜೀವಶಾಸ್ತ್ರ ಪಾಠ ಮಾಡುವವಳು, ವೈದ್ಯೆಯಲ್ಲ. ಅತ್ತಿಗೆಯನ್ನು ಎದುರು ಕೂರಿಸಿಕೊಂಡು ನೋಡುವ ವೈದ್ಯರ ಮಾತಿಗೆ ನನ್ನ ಬರಹ ಬದಲಿಯಾಗದು. ಆದರೆ ಆ ವರದಿಯ ಬಗ್ಗೆ ಸುಮ್ಮನಿರಲಾರೆ.

ಮಲದಲ್ಲಿ ಕ್ಯಾಂಡಿಡಾ ಸಿಕ್ಕಿದ ಮಾತ್ರಕ್ಕೆ ರೋಗವೆನ್ನಲಾಗದು. ಬಾಯಿ, ಕರುಳು, ಚರ್ಮ, ಯೋನಿ ಹೀಗೆ ಆರೋಗ್ಯವಂತರ ಮೈಯಲ್ಲೆಲ್ಲ ಶಿಲೀಂಧ್ರಗಳು ವಾಸವಾಗಿವೆ. ಈ ಸಮುದಾಯಕ್ಕೆ ಮೈಕೋಬಯೋಮ್ ಎನ್ನುತ್ತಾರೆ. ಕರುಳಿನ ಸೂಕ್ಷ್ಮಜೀವಿಗಳಲ್ಲಿ ಶಿಲೀಂಧ್ರಗಳ ಪಾಲು ಶೇ 1ಕ್ಕಿಂತಲೂ ಕಡಿಮೆ. ಆದರೆ ಒಂದೊಂದು ಯೀಸ್ಟ್ ಕೋಶವೂ ಬ್ಯಾಕ್ಟೀರಿಯಾಕ್ಕಿಂತ ಗಾತ್ರದಲ್ಲಿ ಹತ್ತಾರು ಪಟ್ಟು ದೊಡ್ಡದು, ಅದರ ಗೋಡೆಯಲ್ಲಿರುವ ಸಕ್ಕರೆ ಸರಪಳಿಗಳಾದ ಬೀಟಾ ಗ್ಲೂಕನ್, ಮ್ಯಾನನ್‌ಗಳನ್ನು ನಮ್ಮ ರೋಗನಿರೋಧಕ ಕೋಶಗಳು ತಟ್ಟನೆ ಗುರುತು ಹಿಡಿಯುತ್ತವೆ. ಸಂಖ್ಯೆ ಸಣ್ಣದೆಂದು ಈ ವಿಷಯವನ್ನು ತಳ್ಳಿಹಾಕುವಂತಿಲ್ಲ. ಆ ಸಂಸ್ಥೆಯವರು ಅರ್ಧ ಸತ್ಯ ಹಿಡಿದುಕೊಂಡು ಮಾರಾಟಕ್ಕಿಳಿದಿದ್ದಾರೆ, ನನಗೆ ಸಿಟ್ಟು ಬರುವುದು ಅದಕ್ಕೇ.

ಮಲದಲ್ಲಿ ಕಾಣುವ ಶಿಲೀಂಧ್ರಗಳೆಲ್ಲ ಕರುಳಿನ ನಿವಾಸಿಗಳೂ ಅಲ್ಲ. 2018ರಲ್ಲಿ ಪ್ರಕಟವಾದ ಒಂದು ಸಣ್ಣ ಅಧ್ಯಯನದಲ್ಲಿ, ಆರೋಗ್ಯವಂತರು ಯೀಸ್ಟ್ ಇರುವ ಆಹಾರ ಬಿಟ್ಟಾಗ ಮಲದಲ್ಲಿ ಸ್ಯಾಕರೋಮೈಸಿಸ್ (ಬ್ರೆಡ್ಡಿಗೆ ಹಾಕುವ ಯೀಸ್ಟ್) ಕಾಣಿಸದಾಯಿತು. ಹಲ್ಲುಜ್ಜುವುದನ್ನು ಹೆಚ್ಚಿಸಿದಾಗ ಮಲದ ಕ್ಯಾಂಡಿಡಾ ಅಲ್ಬಿಕಾನ್ಸ್ ಇಳಿಯಿತು. ಅಂದರೆ ಅದರಲ್ಲಿ ಬಹುಪಾಲು ಬಾಯಿಯಿಂದ ಎಂಜಲಿನ ಜೊತೆ ಇಳಿದು ಹೊರಗೆ ಹೋಗುವಂಥದ್ದು. ಇಂಥ ಒಂದು ಪರೀಕ್ಷೆಯ ಒಂದು ಸಾಲಿನ ಮೇಲೆ ಮೂರು ತಿಂಗಳ ಉಪವಾಸ ಹೇರುವುದು ಯಾವ ನ್ಯಾಯ?

ಸಮತೋಲನ ತಪ್ಪುವುದು ಎಂದರೇನು ಎಂಬುದಕ್ಕೆ ಬರುತ್ತೇನೆ. ಕ್ಯಾಂಡಿಡಾಗೆ ಎರಡು ರೂಪ. ದುಂಡನೆಯ ಯೀಸ್ಟ್ ಆಗಿದ್ದಾಗ ಅದು ಸಾಧು. ಉದ್ದನೆಯ ಎಳೆ ಬಿಟ್ಟಾಗ ಒಳಪದರವನ್ನು ಕೊರೆಯುತ್ತದೆ. ಎಳೆಯ ರೂಪದಲ್ಲಿ ಅದು ಸ್ರವಿಸುವ ಕ್ಯಾಂಡಿಡಾಲೈಸಿನ್ ಎಂಬ ವಿಷವನ್ನು ವಿಜ್ಞಾನಿಗಳು ಪತ್ತೆಮಾಡಿದ್ದು 2016ರಲ್ಲಿ. ಅದು ನಮ್ಮ ಕೋಶಗಳ ಪೊರೆಗೆ ತೂತು ಹಾಕುತ್ತದೆ. ಕರುಳಿನ ಬ್ಯಾಕ್ಟೀರಿಯಾಗಳು ನಾರನ್ನು ಹುಳಿಯಿಸಿ ತಯಾರಿಸುವ ಕೊಬ್ಬಿನಾಮ್ಲಗಳು ಆ ಎಳೆ ಬೆಳೆಯದಂತೆ ತಡೆಯುತ್ತವೆ. ಜಾಗಕ್ಕೂ ಆಹಾರಕ್ಕೂ ಪೈಪೋಟಿ ಕೊಡುವವೂ ಅವೇ. ಆ್ಯಂಟಿಬಯಾಟಿಕ್ ನುಂಗಿ ಬ್ಯಾಕ್ಟೀರಿಯಾಗಳನ್ನು ಒರೆಸಿಹಾಕಿದರೆ ಕ್ಯಾಂಡಿಡಾಗೆ ಬಯಲು ಸಿಗುತ್ತದೆ. ಸಕ್ಕರೆ ಕಾಯಿಲೆ ಹತೋಟಿ ತಪ್ಪಿದರೂ, ಸ್ಟೀರಾಯ್ಡ್ ಅಥವಾ ಕೀಮೋ ನಡೆಯುತ್ತಿದ್ದರೂ, ಬಿಳಿರಕ್ತಕಣ ಕುಸಿದಿದ್ದರೂ ಹಾಗೆಯೇ. ಹಾಗಾಗಿ ಶಿಲೀಂಧ್ರ ಏಕೆ ಹೆಚ್ಚಿತು ಎಂದು ಕೇಳದೆ ಶಿಲೀಂಧ್ರವನ್ನು ಮಾತ್ರ ಕೊಲ್ಲಲು ಹೊರಡುವುದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದಂತೆ.

ಆ ಬರೆಯಿಂದ ಏನಾಗುತ್ತದೆ ಎಂಬುದಕ್ಕೂ ಪುರಾವೆ ಇದೆ. 2016ರಲ್ಲಿ ಅಮೆರಿಕದ ಒಂದು ತಂಡ ಇಲಿಗಳಿಗೆ ದೀರ್ಘಕಾಲ ಫ್ಲುಕೊನಝೋಲ್ ಕೊಟ್ಟು ನೋಡಿತು. ಕ್ಯಾಂಡಿಡಾ ಕಡಿಮೆಯಾಯಿತು, ಆದರೆ ವಾಲೇಮಿಯಾ, ಆಸ್ಪರ್ಜಿಲಸ್ ಜಾತಿಯ ಬೇರೆ ಶಿಲೀಂಧ್ರಗಳು ಹೆಚ್ಚಿದವು. ಕರುಳಿನ ಉರಿಯೂತವೂ ಉಸಿರುನಾಳದ ಅಲರ್ಜಿಯೂ ತೀವ್ರವಾದವು. ಇಲಿ ಮನುಷ್ಯನಲ್ಲ, ಒಪ್ಪುತ್ತೇನೆ. ಆದರೂ ಸಮತೋಲನ ಸರಿಪಡಿಸುತ್ತೇವೆಂದು ವಾರವಾರ ಆ ಮಾತ್ರೆ ಕೊಡುವವರು ಇದಕ್ಕೆ ಉತ್ತರ ಹೇಳಬೇಕು.

ಮಗನ ವಿಷಯ ಬೇರೆ. ಗೋಡೆಯ ಬೂಷ್ಟಿನಲ್ಲಿ ಸಾಮಾನ್ಯವಾಗಿರುವವು ಕ್ಲಾಡೋಸ್ಪೋರಿಯಂ, ಪೆನಿಸಿಲಿಯಂ, ಆಸ್ಪರ್ಜಿಲಸ್. ಅವು ಸಾಮಾನ್ಯವಾಗಿ ಹೊಟ್ಟೆಯಲ್ಲಿ ಬೆಳೆದು ಕಾಡುವುದಿಲ್ಲ. ಅವುಗಳ ಬೀಜಕಣ ಉಸಿರಿನೊಡನೆ ಒಳಗೆ ಹೋಗಿ ಅಲರ್ಜಿ ಕೆರಳಿಸುತ್ತದೆ. ತೇವ ಹಿಡಿದ ಮನೆಗೂ ಮಕ್ಕಳ ಅಸ್ತಮಾಕ್ಕೂ ನಂಟಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲೇ ಮಾರ್ಗಸೂಚಿ ಹೊರಡಿಸಿದೆ. ಗೋಡೆಗೆ ಬಣ್ಣ ಬಳಿದು ಮುಚ್ಚಿದರೆ ಸಾಲದು, ನೀರು ಎಲ್ಲಿಂದ ಇಳಿಯುತ್ತಿದೆ ಎಂದು ಹುಡುಕಿಸಿ. ಮಗು ಮಲಗುವ ಕೋಣೆಯೊಳಗೆ ಒದ್ದೆ ಬಟ್ಟೆ ಹರವಬೇಡಿ. ನಮ್ಮಲ್ಲಿ ಅಡುಗೆಮನೆ ಒಲೆಯ ಮೇಲೆ ಬಟ್ಟೆ ಒಣಗಿಸುವುದು ರೂಢಿಯಾದರೂ ಹೊಗೆಯೂ ಮಗುವಿನ ಎದೆಗೆ ಒಳ್ಳೆಯದಲ್ಲ.

ಕಿತ್ತಳೆ, ಪೊನ್ನಂಪೇಟೆ

ಮೇಡಂ, ನಿಮ್ಮ ಓದಿನ ಬಗ್ಗೆ ಗೌರವವಿದೆ. ಆದರೆ ನಾನು ಇಂಥದೇ ಪಥ್ಯ ಮಾಡಿ ಗುಣವಾದವನು. ಸಕ್ಕರೆ, ಮೈದಾ, ಬೇಕರಿ ತಿನಿಸು ಬಿಟ್ಟ ಮೇಲೆ ಹೊಟ್ಟೆ ಉಬ್ಬರ ಮಾಯವಾಯಿತು, ಮೈ ಹಗುರವಾಯಿತು. ಅನುಭವಕ್ಕೆ ಬೆಲೆಯಿಲ್ಲವೇ?

ಗಾಜಿನಪಟ್ಟಿ, ವಿರಾಜಪೇಟೆ

ಖಂಡಿತ ಇದೆ, ಅಣ್ಣ. ನಿಮಗೆ ಆರಾಮವಾದದ್ದು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಬೇಕರಿ ತಿನಿಸು ಬಿಟ್ಟರೆ ತೂಕ ಇಳಿಯುತ್ತದೆ, ಕರುಳಿನಲ್ಲಿ ಗಾಳಿ ಕಡಿಮೆಯಾಗುತ್ತದೆ, ರಕ್ತದ ಸಕ್ಕರೆ ಹತೋಟಿಗೆ ಬರುತ್ತದೆ. ಕೆಲವರಿಗೆ ಗೋಧಿಯೇ ಒಗ್ಗುವುದಿಲ್ಲ, ಕೆಲವರಿಗೆ ಹಾಲು. ಇವುಗಳಲ್ಲಿ ಯಾವುದಕ್ಕೂ ಕ್ಯಾಂಡಿಡಾ ಬೇಕಿಲ್ಲ. ಸುಸ್ತು, ಉಬ್ಬರ, ತಲೆನೋವುಗಳನ್ನು ಒಟ್ಟುಮಾಡಿ ‘ಕ್ಯಾಂಡಿಡಾ ಹೆಚ್ಚಳ’ ಎಂದು ಹೆಸರಿಟ್ಟು ಪಥ್ಯ ಹೇಳುವ ಪದ್ಧತಿಗೆ ಗಟ್ಟಿ ಪುರಾವೆ ಸಿಕ್ಕಿಲ್ಲ. ಇಡ್ಲಿ ಹಿಟ್ಟನ್ನು ಹುಳಿ ಬರಿಸುವುದು ಮುಖ್ಯವಾಗಿ ಲ್ಯೂಕೊನೋಸ್ಟಾಕ್ ಎಂಬ ಬ್ಯಾಕ್ಟೀರಿಯಾ. ಮೊಸರಿನಲ್ಲಿರುವುದು ಲ್ಯಾಕ್ಟೋಬ್ಯಾಸಿಲಸ್ ಬಳಗ. ಕ್ಯಾಂಡಿಡಾಗೆ ಹೆದರಿ ಇವೆರಡನ್ನೂ ಬಿಡುವುದರಲ್ಲಿ ಅರ್ಥವಿಲ್ಲ.

ಈ ಊರಿನ ಹೆಣ್ಣುಮಕ್ಕಳಲ್ಲಿ ಸುಸ್ತು ಎಂದರೆ ನನಗೆ ಮೊದಲು ನೆನಪಾಗುವುದು ರಕ್ತಹೀನತೆ, ಆಮೇಲೆ ಥೈರಾಯ್ಡ್. ಆ ಸಂಸ್ಥೆಯವರು ಇವೆರಡನ್ನು ಪರೀಕ್ಷಿಸಿದರೇ ಎಂದು ಬೆಟ್ಟದಹೂ ಅವರು ಕೇಳಿ ನೋಡಲಿ.

ಬಿಳಿಕೋಟು, ಕುಶಾಲನಗರ

ನಾನು ವೈದ್ಯಕೀಯ ವಿದ್ಯಾರ್ಥಿ. ಕ್ಯಾನ್ಸರ್ ಮಾತು ಬಂದಿದ್ದರಿಂದ ಬರೆಯುತ್ತಿದ್ದೇನೆ. 2019ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂದ ಸಂಶೋಧನೆ ದೊಡ್ಡ ಸುದ್ದಿಯಾಯಿತು: ಕರುಳಿನ ಶಿಲೀಂಧ್ರಗಳು ಮೇದೋಜೀರಕ ಗ್ರಂಥಿಗೆ ಸಾಗುತ್ತವೆ, ಅಲ್ಲಿನ ಗಡ್ಡೆಯಲ್ಲಿ ಮಲಸೇಜಿಯಾ ಎಂಬ ಶಿಲೀಂಧ್ರ ಹೆಚ್ಚಿರುತ್ತದೆ, ಶಿಲೀಂಧ್ರನಾಶಕ ಕೊಟ್ಟರೆ ಇಲಿಗಳಲ್ಲಿ ಗಡ್ಡೆಯ ಬೆಳವಣಿಗೆ ನಿಧಾನವಾಗುತ್ತದೆ ಎಂದು. ಆ ಸಂಸ್ಥೆಯ ಲೇಖನ ಎತ್ತಿಕೊಂಡದ್ದು ಇದನ್ನೇ ಇರಬೇಕು. ಆದರೆ 2023ರಲ್ಲಿ ಬೇರೊಂದು ತಂಡ ಅದೇ ದತ್ತಾಂಶವನ್ನು ಮರುವಿಶ್ಲೇಷಿಸಿ, ಕರುಳಿನ ಮತ್ತು ಗಡ್ಡೆಯ ಶಿಲೀಂಧ್ರಗಳ ನಡುವೆ ಹೇಳಲಾದ ಆ ನಂಟು ತಮಗೆ ಕಾಣಲಿಲ್ಲವೆಂದು ಅದೇ ಪತ್ರಿಕೆಯಲ್ಲಿ ಬರೆಯಿತು.

ಗಡ್ಡೆಯ ಚೂರಿನಲ್ಲಿ ಶಿಲೀಂಧ್ರದ ಡಿಎನ್‌ಎ ಅತ್ಯಲ್ಪ. ಕೈಗವಸು, ಪರೀಕ್ಷಾ ದ್ರಾವಣ, ಗಾಳಿ, ಪರೀಕ್ಷಿಸುವವರ ಚರ್ಮ ಎಲ್ಲಿಂದಲಾದರೂ ಅಷ್ಟು ಬಂದು ಸೇರಬಹುದು. ಮಲಸೇಜಿಯಾ ಅಂತೂ ಪ್ರತಿಯೊಬ್ಬರ ನೆತ್ತಿಯ ಮೇಲೆ ಇರುವಂಥದ್ದು, ತಲೆಹೊಟ್ಟಿಗೆ ಕಾರಣವಾಗುವ ಅದೇ ಯೀಸ್ಟ್. ಇದನ್ನು ಬೇರ್ಪಡಿಸಿ ನೋಡುವುದೇ ಈ ಕ್ಷೇತ್ರದ ಅತಿ ಕಠಿಣ ಕೆಲಸ. ಜನರನ್ನು ಹೆದರಿಸಲು ಇದನ್ನು ಬಳಸುವುದು ತಪ್ಪು.

ಪುರಾವೆ ಗಟ್ಟಿಯಾಗುತ್ತಿರುವ ಕಡೆಯೂ ಇದೆ: ಕರುಳಿನ ಉರಿಯೂತ ರೋಗಗಳು. ಅವುಗಳಲ್ಲೊಂದಾದ ಕ್ರೋನ್ಸ್ ಕಾಯಿಲೆಯವರಲ್ಲಿ ಅನೇಕರ ರಕ್ತದಲ್ಲಿ ಬ್ರೆಡ್ ಯೀಸ್ಟಿನ ವಿರುದ್ಧ ಪ್ರತಿಕಾಯಗಳಿರುತ್ತವೆ. ಅದನ್ನು ಪರೀಕ್ಷೆಯಾಗಿ ಬಳಸಿ ದಶಕಗಳೇ ಆದವು. 2012ರಲ್ಲಿ, ಶಿಲೀಂಧ್ರವನ್ನು ಗುರುತಿಸುವ ಡೆಕ್ಟಿನ್-1 ಎಂಬ ಗ್ರಾಹಕ (ರೋಗನಿರೋಧಕ ಕೋಶದ ಮೇಲಿನ ಪ್ರೋಟೀನ್) ಇಲ್ಲದ ಇಲಿಗಳಲ್ಲಿ ಕರುಳಿನ ಉರಿಯೂತ ಹೆಚ್ಚಾಗುವುದು ಕಂಡುಬಂತು. ಆ ಗ್ರಾಹಕದ ಜೀನಿನಲ್ಲಿ ಒಂದು ವ್ಯತ್ಯಾಸವಿರುವ ಮನುಷ್ಯರಲ್ಲೂ ಅಲ್ಸರೇಟಿವ್ ಕೊಲೈಟಿಸ್ ಎಂಬ ದೊಡ್ಡಕರುಳಿನ ಉರಿಯೂತ ತೀವ್ರವಾಗಿರುವುದು ತಿಳಿಯಿತು. 2021ರಲ್ಲಿ ಕ್ರೋನ್ಸ್ ರೋಗಿಗಳ ಕರುಳಿನ ಗಾಯದಲ್ಲಿ ಡೆಬಾರಿಯೋಮೈಸಿಸ್ ಹ್ಯಾನ್ಸೇನಿ ಸಿಕ್ಕಿತು. ಚೀಸ್, ಸಂಸ್ಕರಿಸಿದ ಮಾಂಸಗಳಲ್ಲಿ ಇರುವ ಯೀಸ್ಟ್ ಅದು. ಇಲಿಗಳಲ್ಲಿ ಅದು ಗಾಯ ಮಾಯದಂತೆ ಮಾಡಿತು. 2022ರಲ್ಲಿ ಮತ್ತೊಂದು ಸಂಗತಿ: ಕೊಲೈಟಿಸ್ ಇರುವವರಲ್ಲಿ ಕ್ಯಾಂಡಿಡಾ ಎಷ್ಟಿದೆ ಎಂಬುದಕ್ಕಿಂತ ಯಾವ ತಳಿ ಇದೆ, ಅದು ಕ್ಯಾಂಡಿಡಾಲೈಸಿನ್ ಎಷ್ಟು ಬಿಡುತ್ತದೆ ಎಂಬುದು ಮುಖ್ಯ. ಮಲ ಪರೀಕ್ಷೆಯ ‘ಇದೆ’ ಅಥವಾ ‘ಇಲ್ಲ’ ಎಂಬ ಉತ್ತರ ಇದನ್ನು ಹೇಳುವುದೇ ಇಲ್ಲ.

ಇಷ್ಟೆಲ್ಲ ಇದ್ದರೂ ಶಿಲೀಂಧ್ರನಾಶಕ ಕೊಟ್ಟು ಕ್ರೋನ್ಸ್ ಗುಣಪಡಿಸುವುದು ಎಲ್ಲಿಯೂ ರೂಢಿಗೆ ಬಂದಿಲ್ಲ. ಮಲದಲ್ಲಿ ರಕ್ತ, ರಾತ್ರಿ ಎಬ್ಬಿಸುವ ಭೇದಿ, ಕಾರಣವಿಲ್ಲದೆ ತೂಕ ಇಳಿಯುವುದು ಇದ್ದರೆ ತಡಮಾಡದೆ ಹೊಟ್ಟೆಯ ತಜ್ಞರ ಬಳಿ ಹೋಗಬೇಕು.

ಮನೆವೈನ್, ಸುಂಟಿಕೊಪ್ಪ

ನಾವು ಮನೆಯಲ್ಲಿ ದ್ರಾಕ್ಷಿ, ನೇರಳೆ, ಶುಂಠಿ ವೈನ್ ಮಾಡಿ ಮಾರುತ್ತೇವೆ. ಯೀಸ್ಟ್ ಹಾಕಿಯೇ ಮಾಡುವುದು. ಕುಡಿದವರ ಹೊಟ್ಟೆಯಲ್ಲಿ ಅದು ಬೆಳೆದು ತೊಂದರೆ ಕೊಡುತ್ತದೆಯೇ?

ಬಿಳಿಕೋಟು, ಕುಶಾಲನಗರ

ಆರೋಗ್ಯವಂತರಲ್ಲಿ ಆ ಯೀಸ್ಟ್ ಕರುಳು ದಾಟಿ ಹೊರಹೋಗುತ್ತದೆ. ತೊಂದರೆ ಕೊಡುವುದು ಮದ್ಯ. 2017ರ ಒಂದು ಅಧ್ಯಯನದಲ್ಲಿ, ಬಹಳ ಕಾಲ ಕುಡಿಯುವವರ ಕರುಳಿನಲ್ಲಿ ಶಿಲೀಂಧ್ರಗಳ ವೈವಿಧ್ಯ ಕುಗ್ಗಿ ಕ್ಯಾಂಡಿಡಾ ಮೇಲುಗೈ ಪಡೆದಿದ್ದು ಕಂಡುಬಂತು. ಮದ್ಯದಿಂದ ಕರುಳಿನ ಗೋಡೆ ಸಡಿಲವಾದಾಗ ಶಿಲೀಂಧ್ರದ ಬೀಟಾ ಗ್ಲೂಕನ್ ರಕ್ತದ ಮೂಲಕ ಯಕೃತ್ತು ಸೇರಿ ಅಲ್ಲಿ ಉರಿಯೂತ ಹೆಚ್ಚಿಸುತ್ತದೆ ಎಂಬುದನ್ನು ಇಲಿಗಳಲ್ಲಿ ತೋರಿಸಿದರು. ನಮ್ಮ ಜಿಲ್ಲೆಯಲ್ಲಿ ಕುಡಿತದ ಕಾಯಿಲೆ ಎಷ್ಟು ಮನೆಗಳಲ್ಲಿದೆ ಎಂದು ಬಲ್ಲವರಿಗೆ ಈ ಸಂಶೋಧನೆಯ ತೂಕ ತಿಳಿಯುತ್ತದೆ.

ರೊಬಸ್ಟಾ, ಸಿದ್ದಾಪುರ

ಓದುತ್ತಾ ಹೋದಂತೆ ಒಂದು ಪ್ರಶ್ನೆ ಎದ್ದಿತು. ನಾವು ಕಾಫಿಗೆ ಕೊಳೆ ರೋಗ, ಎಲೆ ತುಕ್ಕು ಬಾರದಿರಲೆಂದು ಮುಂಗಾರಿಗೆ ಮೊದಲೇ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ತುಕ್ಕಿಗೆ ಹೆಕ್ಸಾಕೊನಝೋಲ್, ಪ್ರೊಪಿಕೊನಝೋಲ್ ಕೂಡ ಬಳಸುತ್ತೇವೆ. ಮಾತ್ರೆಯ ಹೆಸರಿನ ಕೊನೆಯಲ್ಲೂ ‘ಕೊನಝೋಲ್’ ಇದೆಯಲ್ಲ, ಎರಡಕ್ಕೂ ಸಂಬಂಧ ಉಂಟೇ?

ಗಾಜಿನಪಟ್ಟಿ, ವಿರಾಜಪೇಟೆ

ಇದೆ, ಮತ್ತು ಈ ಪ್ರಶ್ನೆಯನ್ನು ಕೊಡಗಿನ ಬೆಳೆಗಾರರೊಬ್ಬರು ಕೇಳಿದ್ದು ನನಗೆ ಬಹಳ ಸಂತೋಷ ತಂದಿತು. ಬೋರ್ಡೋ ದ್ರಾವಣದಲ್ಲಿರುವುದು ಮೈಲುತುತ್ತ ಮತ್ತು ಸುಣ್ಣ; ಅದಕ್ಕೂ ಮಾತ್ರೆಗೂ ನಂಟಿಲ್ಲ. ಆದರೆ ನೀವು ಹೇಳಿದ ಉಳಿದೆರಡೂ ಅಜೋಲ್ ಗುಂಪಿನವು. ಆಸ್ಪತ್ರೆಯ ಫ್ಲುಕೊನಝೋಲ್, ಇಟ್ರಾಕೊನಝೋಲ್, ವೊರಿಕೊನಝೋಲ್‌ಗಳೂ ಅದೇ ಕುಟುಂಬದವು. ಎಲ್ಲವೂ ಶಿಲೀಂಧ್ರದ ಪೊರೆಗೆ ಬೇಕಾದ ಎರ್ಗೋಸ್ಟೆರಾಲ್ ತಯಾರಾಗದಂತೆ ಒಂದೇ ಕಿಣ್ವವನ್ನು ತಡೆಯುತ್ತವೆ.

ಆಸ್ಪರ್ಜಿಲಸ್ ಫ್ಯೂಮಿಗೇಟಸ್ ಎಂಬುದು ಗೊಬ್ಬರದ ಗುಂಡಿಯಲ್ಲಿ, ಕೊಳೆಯುವ ಸಿಪ್ಪೆಯ ರಾಶಿಯಲ್ಲಿ ಸಮೃದ್ಧವಾಗಿ ಬೆಳೆಯುವ ಶಿಲೀಂಧ್ರ. ಹೊಲತೋಟಗಳಲ್ಲಿ ಅಜೋಲ್ ಸಿಂಪಡಿಸಿದಾಗ ಅದೂ ಆ ಮದ್ದಿಗೆ ಮೈಯೊಡ್ಡಿ ಜಗ್ಗದಂತಾಗುತ್ತದೆ. ನೆದರ್ಲೆಂಡ್ಸ್‌ನಲ್ಲಿ ಅಜೋಲ್ ಮಾತ್ರೆ ಒಮ್ಮೆಯೂ ತೆಗೆದುಕೊಳ್ಳದ ರೋಗಿಗಳ ಶ್ವಾಸಕೋಶದಲ್ಲೇ ಇಂಥ ತಳಿ ಸಿಕ್ಕಿತು. 2012ರಲ್ಲಿ ಭಾರತದ ಮಣ್ಣಿನ ಮಾದರಿಗಳಲ್ಲೂ ಮದ್ದಿಗೆ ಜಗ್ಗದ ಅದೇ ಬಗೆಯ ತಳಿ ಇರುವುದು ವರದಿಯಾಯಿತು. 2022ರ ಅಕ್ಟೋಬರ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆ 19 ಅಪಾಯಕಾರಿ ಶಿಲೀಂಧ್ರಗಳ ಪಟ್ಟಿ ಪ್ರಕಟಿಸಿದಾಗ ಮೊದಲ ಸಾಲಿನ ನಾಲ್ಕರಲ್ಲಿ ಇದೂ ಒಂದು. ಕ್ಯಾಂಡಿಡಾ ಅಲ್ಬಿಕಾನ್ಸ್, ಕ್ಯಾಂಡಿಡಾ ಆರಿಸ್, ಕ್ರಿಪ್ಟೊಕಾಕಸ್ ನಿಯೋಫಾರ್ಮನ್ಸ್ ಉಳಿದ ಮೂರು.

ಸಿಂಪಡಣೆ ನಿಲ್ಲಿಸಿ ಎಂದು ನಾನು ಹೇಳಲಾರೆ, ತುಕ್ಕು ಬಂದ ತೋಟದ ಕಷ್ಟ ಗೊತ್ತು. ಶಿಫಾರಸಿನ ಪ್ರಮಾಣ ಮೀರಬೇಡಿ, ಬೋರ್ಡೋ ಸಾಕಾಗುವ ಕಡೆ ಅದನ್ನೇ ಬಳಸಿ. ಗೊಬ್ಬರದ ಗುಂಡಿ ಕೆದಕುವ ಕೆಲಸದವರಿಗೆ ಒಳ್ಳೆಯ ಮುಖಗವಸು ಕೊಡಿ. ಅಸ್ತಮಾ ಇರುವವರನ್ನು, ಹಿಂದೆ ಕ್ಷಯವಾಗಿ ಶ್ವಾಸಕೋಶದಲ್ಲಿ ಕಲೆ ಉಳಿದವರನ್ನು ಆ ಕೆಲಸಕ್ಕೆ ಹಚ್ಚಬೇಡಿ.

ಮದ್ದಿನಂಗಡಿ, ಗೋಣಿಕೊಪ್ಪ

ಫಾರ್ಮಸಿಸ್ಟ್ ಆಗಿ ನನ್ನದೂ ನಾಲ್ಕು ಮಾತು. ಮಳೆಗಾಲದಲ್ಲಿ ನನ್ನ ಕೌಂಟರಿಗೆ ಅತಿ ಹೆಚ್ಚು ಬರುವುದು ಹುಳುಕಡ್ಡಿ. ತೋಟದ ಕೆಲಸದವರು ದಿನವಿಡೀ ಗಂಬೂಟಿನೊಳಗೆ ಒದ್ದೆ ಕಾಲು, ತೊಡೆಸಂದಿಯಲ್ಲಿ ಒದ್ದೆ ಬಟ್ಟೆ. ಲೈನ್ ಮನೆಗಳಲ್ಲಿ ಒಂದೇ ಕಂಬಳಿ, ಒಂದೇ ಟವೆಲ್. ಒಬ್ಬರಿಗೆ ಬಂದರೆ ಮನೆಮಂದಿಗೆಲ್ಲ.

ಅವರು ಹೆಸರು ಹಿಡಿದು ಕೇಳುವ ಟ್ಯೂಬನ್ನು ತಿರುಗಿಸಿ ಸಣ್ಣಕ್ಷರ ಓದಿಸುತ್ತೇನೆ. ಒಂದರೊಳಗೇ ಶಿಲೀಂಧ್ರನಾಶಕ, ಆ್ಯಂಟಿಬಯಾಟಿಕ್, ಜೊತೆಗೆ ಕ್ಲೋಬೆಟಾಸೋಲ್ ಎಂಬ ಬಲವಾದ ಸ್ಟೀರಾಯ್ಡ್. ಹಚ್ಚಿದ ಎರಡು ದಿನಕ್ಕೆ ತುರಿಕೆ ನಿಲ್ಲುತ್ತದೆ, ವಾಸಿಯಾಯಿತೆಂದು ಬಿಡುತ್ತಾರೆ. ಸ್ಟೀರಾಯ್ಡ್ ಅಲ್ಲಿನ ಚರ್ಮದ ರಕ್ಷಣೆಯನ್ನು ಮಲಗಿಸಿರುತ್ತದೆ, ಶಿಲೀಂಧ್ರ ಒಳಗೊಳಗೇ ಹಬ್ಬುತ್ತದೆ. ಸುತ್ತಿನ ಅಂಚು ಅಳಿಸಿಹೋಗಿ ವೈದ್ಯರಿಗೂ ಗುರುತು ಸಿಗದಂತಾಗುತ್ತದೆ. 2018ರಿಂದ ಹಚ್ಚುವ ಸ್ಟೀರಾಯ್ಡ್‌ಗಳು ಚೀಟಿಯಿಲ್ಲದೆ ಮಾರಬಾರದ ಪಟ್ಟಿಯಲ್ಲಿವೆ. ಆದರೂ ಎಲ್ಲೆಂದರಲ್ಲಿ ಸಿಗುತ್ತಿರುವುದು ನಮ್ಮ ವೃತ್ತಿಗೇ ನಾಚಿಕೆಗೇಡು. ಟರ್ಬಿನಾಫಿನ್ ಎಂಬ ಶಿಲೀಂಧ್ರನಾಶಕಕ್ಕೆ ಜಗ್ಗದ ಹುಳುಕಡ್ಡಿ ನಮ್ಮ ದೇಶದಲ್ಲಿ ಎಷ್ಟು ಹಬ್ಬಿದೆಯೆಂದರೆ, 2020ರಲ್ಲಿ ಗುರುತಿಸಿದ ಆ ಶಿಲೀಂಧ್ರಕ್ಕೆ ಟ್ರೈಕೊಫೈಟಾನ್ ಇಂಡೊಟಿನಿಯೇ ಎಂದೇ ಹೆಸರಾಯಿತು.

ಬೆಟ್ಟದಹೂ ಅಕ್ಕ, ನಿಮ್ಮ ಅತ್ತಿಗೆ ಬೇರೆ ಮಾತ್ರೆ ಏನಾದರೂ ತೆಗೆದುಕೊಳ್ಳುತ್ತಿದ್ದಾರೆಯೇ? ಫ್ಲುಕೊನಝೋಲ್ ರಕ್ತ ತೆಳುವಾಗಿಸುವ ವಾರ್ಫರಿನ್ ಜೊತೆ ಸೇರಿದರೆ ರಕ್ತಸ್ರಾವವಾಗಬಹುದು. ಗ್ಲಿಮಿಪಿರೈಡ್‌ನಂಥ ಸಕ್ಕರೆ ಮಾತ್ರೆಯ ಜೊತೆ ಸೇರಿದರೆ ರಕ್ತದ ಸಕ್ಕರೆ ಒಮ್ಮೆಲೇ ಕುಸಿಯಬಹುದು. ಯಕೃತ್ತಿನ ಪರೀಕ್ಷೆ ಇಲ್ಲದೆ ತಿಂಗಳುಗಟ್ಟಲೆ ನುಂಗುವ ಮಾತ್ರೆ ಅದಲ್ಲ. ಇನ್ನೊಂದು: ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಾತ್ರೆ ತೆಗೆದುಕೊಳ್ಳುವ ಸಕ್ಕರೆ ಕಾಯಿಲೆಯವರಿಗೆ ಜನನಾಂಗದಲ್ಲಿ ತುರಿಕೆ, ಬಿಳಿಸೆರಗು ಬರುವುದುಂಟು. ಮೂತ್ರದಲ್ಲಿ ಸಕ್ಕರೆ ಹೊರಹೋಗುವುದರಿಂದ ಅಲ್ಲಿ ಕ್ಯಾಂಡಿಡಾ ಬೆಳೆಯುತ್ತದೆ. ಹೇಳಿಕೊಳ್ಳಲು ಸಂಕೋಚಪಟ್ಟು ಎಷ್ಟೋ ಮಂದಿ ನರಳುತ್ತಾರೆ. ವೈದ್ಯರಿಗೆ ಹೇಳಿ, ಇದಕ್ಕೆ ಸುಲಭದ ಚಿಕಿತ್ಸೆ ಇದೆ.

ಬೆಟ್ಟದಹೂ, ಮಡಿಕೇರಿ

ಎಲ್ಲರಿಗೂ ಕೃತಜ್ಞತೆಗಳು. ಅತ್ತಿಗೆಯನ್ನು ಒಪ್ಪಿಸಿ ವೈದ್ಯರಲ್ಲಿಗೆ ಕರೆದೊಯ್ದೆವು. ಮಾತ್ರೆ ನಿಲ್ಲಿಸಿದ್ದಾರೆ, ಊಟ ಮಾಡಲು ಹೇಳಿದ್ದಾರೆ. ಹಿಮೋಗ್ಲೋಬಿನ್ ಕಡಿಮೆಯಿದೆ, ಕಬ್ಬಿಣದ ಮಾತ್ರೆ ಶುರುವಾಗಿದೆ. ಥೈರಾಯ್ಡ್ ವರದಿ ಬರಬೇಕು. ಮಗನಿಗೆ ಮಕ್ಕಳ ವೈದ್ಯರು ಇನ್ಹೇಲರ್ ಕೊಟ್ಟಿದ್ದಾರೆ. ಅದರಲ್ಲೂ ಸ್ಟೀರಾಯ್ಡ್ ಇದೆಯಂತೆ. ಮದ್ದಿನಂಗಡಿಯವರು ಬರೆದದ್ದು ಓದಿ ಅಂಜಿಕೆಯಾಗುತ್ತಿದೆ.

ಮದ್ದಿನಂಗಡಿ, ಗೋಣಿಕೊಪ್ಪ

ಅಂಜಬೇಡಿ ಅಕ್ಕ, ಇನ್ಹೇಲರ್ ನಿಲ್ಲಿಸಲೇಬೇಡಿ. ಅದರ ಪ್ರಮಾಣ ಬಹಳ ಸಣ್ಣದು. ಬಾಯಿಯಲ್ಲಿ ಉಳಿದರೆ ನಾಲಿಗೆಯ ಮೇಲೆ ಕ್ಯಾಂಡಿಡಾದ ಬಿಳಿ ಪದರ ಬರಬಹುದು. ಸ್ಪೇಸರ್ (ಇನ್ಹೇಲರಿಗೆ ಜೋಡಿಸುವ ಕೊಳವೆ) ಹಾಕಿ ಕೊಡಿ, ಪ್ರತಿ ಸಲ ನೀರಿನಿಂದ ಬಾಯಿ ಮುಕ್ಕಳಿಸಿ ಉಗುಳಲಿ.

ರೊಬಸ್ಟಾ, ಸಿದ್ದಾಪುರ

ಕೊನೆಯದಾಗಿ ಒಂದು. ಭೇದಿಯಾದಾಗ ಮಕ್ಕಳಿಗೆ ಯೀಸ್ಟಿನ ಪುಡಿಯ ಪೊಟ್ಟಣ ಬರೆಯುತ್ತಾರೆ. ಶಿಲೀಂಧ್ರವೇ ಮದ್ದಾಗುವುದು ಹೇಗೆ?

ಗಾಜಿನಪಟ್ಟಿ, ವಿರಾಜಪೇಟೆ

ಅದು ಸ್ಯಾಕರೋಮೈಸಿಸ್ ಬೌಲಾರ್ಡಿ. 1920ರ ದಶಕದಲ್ಲಿ ಇಂಡೋಚೀನಾದಲ್ಲಿದ್ದ ಫ್ರೆಂಚ್ ವಿಜ್ಞಾನಿ ಆನ್ರಿ ಬೌಲಾರ್ಡ್, ಅಲ್ಲಿನ ಜನ ಕಾಲರಾ ಬಂದಾಗ ಲಿಚಿ ಮತ್ತು ಮ್ಯಾಂಗೋಸ್ಟೀನ್ ಸಿಪ್ಪೆ ಬಳಸುವುದನ್ನು ಗಮನಿಸಿ, ಆ ಹಣ್ಣುಗಳಿಂದ ಈ ಯೀಸ್ಟನ್ನು ಬೇರ್ಪಡಿಸಿದರು. ಚೆಟ್ಟಳ್ಳಿಯ ತೋಟಗಾರಿಕಾ ಪ್ರಯೋಗ ಕೇಂದ್ರಕ್ಕೆ ಹೋದವರು ಮ್ಯಾಂಗೋಸ್ಟೀನ್ ಮರ ನೋಡಿರುತ್ತೀರಿ, ಅದೇ ಹಣ್ಣು. ಈ ಯೀಸ್ಟ್ ನಮ್ಮ ಮೈಶಾಖಕ್ಕೆ ತಾಳಿಕೊಳ್ಳುತ್ತದೆ, ಆ್ಯಂಟಿಬಯಾಟಿಕ್‌ಗೆ ಸಾಯುವುದಿಲ್ಲ, ಕರುಳಿನಲ್ಲಿ ಬೇರೂರದೆ ಕೆಲವು ದಿನಗಳಲ್ಲಿ ಹೊರಹೋಗುತ್ತದೆ. ಆ್ಯಂಟಿಬಯಾಟಿಕ್‌ನಿಂದ ಬರುವ ಭೇದಿಯನ್ನು ಕಡಿಮೆ ಮಾಡಲು ಇದು ಉಪಯುಕ್ತವೆಂದು ಹಲವು ಪ್ರಯೋಗಗಳು ತೋರಿಸಿವೆ.

ಆದರೆ ಎಲ್ಲರಿಗೂ ಇದು ಸಲ್ಲದು. ತೀವ್ರ ನಿಗಾ ಘಟಕದಲ್ಲಿ ದೊಡ್ಡ ರಕ್ತನಾಳಕ್ಕೆ ನಳಿಕೆ ಹಾಕಿಸಿಕೊಂಡವರಲ್ಲಿ, ರೋಗನಿರೋಧಕ ಶಕ್ತಿ ಕುಸಿದವರಲ್ಲಿ ಇದೇ ಯೀಸ್ಟ್ ರಕ್ತಕ್ಕೆ ಸೇರಿ ಸೋಂಕು ಉಂಟುಮಾಡಿದ ಉದಾಹರಣೆಗಳಿವೆ. ಆಸ್ಪತ್ರೆಯಲ್ಲಿ ಅಂಥ ರೋಗಿಯ ಹಾಸಿಗೆಯ ಪಕ್ಕ ಈ ಪೊಟ್ಟಣ ಒಡೆಯುವುದನ್ನೂ ತಪ್ಪಿಸುತ್ತಾರೆ, ಪುಡಿ ಗಾಳಿಯಲ್ಲಿ ಹಾರಿ ನಳಿಕೆಗೆ ತಾಗಬಾರದೆಂದು. ಕೀಮೋ ನಡೆಯುತ್ತಿರುವವರು ಮನೆಯಲ್ಲಿದ್ದರೆ ಅವರ ವೈದ್ಯರನ್ನು ಕೇಳದೆ ಇದನ್ನು ಕೊಡಬೇಡಿ.